ಬೆನ್ನು ಕೇಳಿದಿರಿ, ಟೊಂಕ ಕೇಳಲಿಲ್ಲ

ಹದಿಹರೆಯದವರ ಬೆನ್ನುನೋವಿನ ಸಮೀಕ್ಷೆಗೆಂದು ದಯಮಾಡಿಸಿದ ಮಾನ್ಯ ಪ್ರಶ್ನಾವಳಿಯವರೇ,

ಇಳಕಲ್ಲಿನ ನೇಕಾರರ ಓಣಿಯಿಂದ ಸುನಂದಾ ಮಾಡುವ ನಮಸ್ಕಾರಗಳು. ತಾವು ನಾಲ್ಕು ಪುಟಗಳಲ್ಲಿ ಒಂದು ಸುಕ್ಕೂ ಇಲ್ಲದೆ ಬಾಗಲಕೋಟೆಯಿಂದ ಬಸ್ಸಿನಲ್ಲಿ ನಮ್ಮ ಮಕ್ಕಳ ಶಾಲೆಯವರೆಗೆ ಬಂದಿರೆಂದು ಕೇಳಿ ಆಶ್ಚರ್ಯವಾಯಿತು. ಆ ಬಸ್ಸಿನಿಂದ ಇಳಿದ ನಾವೆಲ್ಲ ಒಂದು ಗಳಿಗೆ ಬಾಗಿಯೇ ನಿಲ್ಲುತ್ತೇವೆ.

ನನ್ನ ಮಗಳು ಶಿವಗಂಗಾ ಒಂಬತ್ತನೆಯ ತರಗತಿ. "ಕಳೆದ ಒಂದು ತಿಂಗಳಲ್ಲಿ ನಿಮಗೆ ಬೆನ್ನುನೋವು ಬಂದಿತ್ತೇ?" ಎಂಬ ತಮ್ಮ ಮೊದಲ ಪ್ರಶ್ನೆಗೆ ಅವಳು ಇಲ್ಲವೆಂದು ಗುರುತು ಹಾಕಿದಳು. ಇಲ್ಲ ಎಂದವರು ನೇರ ಕೊನೆಯ ಪುಟಕ್ಕೆ ಹೋಗಬೇಕೆಂದು ತಾವು ದಾರಿ ತೋರಿಸಿದಿರಿ, ಹೋದಳು. ಹೌದು ಎಂದವರನ್ನು ಮಾತ್ರ ಬರುವ ವಾರ ಡಾಕ್ಟರು ಪರೀಕ್ಷಿಸುತ್ತಾರಂತೆ.

ಅದೇ ಸಂಜೆ ಅವಳು, ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಿಂದ ಗೋಡೆ ಹಿಡಿದು ಮೇಲೆ ಬಂದಳು. ಮತ್ತೆ ನೋವಿಲ್ಲವೆಂದು ಏಕೆ ಬರೆದೆ ಎಂದು ಕೇಳಿದೆ.

"ಬೆನ್ನಿಗೇನಾಗೇತಿ ಬೇ, ನೋಯೂದು ಟೊಂಕ. ಅವರು ಟೊಂಕ ಕೇಳೇ ಇಲ್ಲ."

ಪಕ್ಕದಲ್ಲಿದ್ದ ಅವಳ ತರಗತಿಯ ಗೆಳತಿ ಶಹನಾಜ, "ನಾ ಹೌದು ಹಾಕೀನಿ ನೋಡ್ರಿ. ಬೆನ್ನಮ್ಯಾಲ ಗುಳ್ಳಿ ಆಗೇತಲ್ಲ, ನೋವಿಗೆ ಹತ್ತಕ್ಕ ಆರು ಅಂಕ ಕೊಟ್ಟೀನಿ" ಎಂದಳು.

ತಮ್ಮ ಕಡೆ ಬೆನ್ನು ಕುತ್ತಿಗೆಯಿಂದ ಹೊರಟು ಕೊನೆಯವರೆಗೂ ಒಂದೇ ಇರಬಹುದು. ನಮ್ಮಲ್ಲಿ ಅದು ಅರ್ಧಕ್ಕೇ ಮುಗಿಯುತ್ತದೆ. ಶಾಲೆಯ ಚೀಲ ಹಾಕಿಕೊಳ್ಳಲು, ಯಾರಾದರೂ ಶಾಬಾಷ್ ಎಂದು ತಟ್ಟಲು ಇರುವ ಜಾಗವದು. ಅದರ ಕೆಳಗಿನದು ಟೊಂಕ, ಮಗ್ಗದಲ್ಲಿ ಕೂಡುವವರ ನೋವೆಲ್ಲ ಅಲ್ಲಿಯದೇ. ಆದರೂ ಒಂದೇ ಬೆಳಗ್ಗೆ ನಮ್ಮ ಓಣಿಯ ಮಕ್ಕಳನ್ನೆಲ್ಲ ಗುಣಪಡಿಸಿ, ಒಂದು ಗುಳ್ಳೆಯನ್ನಷ್ಟೇ ಉಳಿಸಿಕೊಂಡ ತಮ್ಮಂಥ ವೈದ್ಯರನ್ನು ನಾನು ಕಂಡಿಲ್ಲ.

ಕೊನೆಯ ಪುಟದಲ್ಲಿ, ಮನೆಯಲ್ಲಿ ಬೇರೆ ಯಾರಿಗಾದರೂ ಈ ನೋವಿದೆಯೇ ಎಂದು ವಿಚಾರಿಸಿದಿರಿ. ಅದಕ್ಕೂ ಅವಳು ಇಲ್ಲವೆಂದಳು, ಅದು ಸುಳ್ಳಲ್ಲ. ಅವಳ ಅಪ್ಪ ಶಿವಪ್ರಕಾಶ ಅದೇ ಕುಣಿಯಲ್ಲಿ ಕೂತು ನೇಯುತ್ತಿದ್ದರು; ಟೊಂಕ ಹಿಡಿದಾಗ ಬಾಗಿಲ ಚೌಕಟ್ಟಿಗೆ ಒರಗಿ, ಯಾರಾದರೂ ನೋಡಿದರೆ ಹೊರಗಿನ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದರು. ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಇದೆಯೇ ಎಂದು ಕೇಳಿದ ತಾವು, ಇತ್ತೇ ಎಂದು ಕೇಳಲಿಲ್ಲ. ಈಗ ಶಾಲೆ ಬಿಟ್ಟ ಮೇಲೆ ಮಗಳು ಆ ಜಾಗದಲ್ಲಿ ಕೂಡುತ್ತಾಳೆ. ಮೊನ್ನೆ ಅದೇ ಚೌಕಟ್ಟಿಗೆ ಒರಗಿ, ಗಾಳಿ ಚೆನ್ನಾಗಿದೆ ಎಂದಳು.

ಆದ್ದರಿಂದ ತಾವು ಒಂದು ಸಂಜೆ ನಮ್ಮ ಕುಣಿಗೆ ಇಳಿದು, ನಾಲ್ಕೂ ಪುಟಗಳನ್ನು ಮಡಿಸಿ ಕೂತು, ಒಂದು ಗೇಣು ಸೆರಗು ನೇಯ್ದು, ಆಮೇಲೆ ತಮ್ಮ ಮೊದಲ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳಬೇಕೆಂದು ಪ್ರಾರ್ಥನೆ. ಅದು ಆಗದಿದ್ದರೆ, ನಾವು ಸೀರೆಯ ಒಡಲಿಗೆ ಸೆರಗು ಕೂಡಿಸುವ ಹಾಗೆ, ಬೆನ್ನಿಗೆ ಟೊಂಕವನ್ನು ಕೂಡಿಸಿಕೊಂಡು, ಡಾಕ್ಟರು ಬರುವ ಮೊದಲು ಮಕ್ಕಳನ್ನು ಇನ್ನೊಮ್ಮೆ ಕೇಳಿ. ಜಾಗ ಸಾಲದಿದ್ದರೆ 'ಧನ್ಯವಾದಗಳು' ಎಂಬುದನ್ನು ತೆಗೆಯಬಹುದು, ನಮ್ಮ ಅಭ್ಯಂತರವಿಲ್ಲ.

ಇಂತಿ, ತಮ್ಮ ಚೌಕಗಳ ಹೊರಗೆ ಉಳಿದ ವಿಶ್ವಾಸಿ,
ಸುನಂದಾ

ತಾ.ಕ.: ನೆಲದ ಮೇಲೆ ಕೂತು ಇಷ್ಟು ಬರೆದು ಏಳುವಾಗ ನನ್ನ ಟೊಂಕವೂ ಹಿಡಿಯಿತು. ತಾವು ಗಾಬರಿಯಾಗಬಾರದು, ಬೆನ್ನು ಆರೋಗ್ಯವಾಗಿದೆ.