ಮಾಮಾನ ವೆಲ್ಶ್ ಪಿಎಚ್‌ಡಿ, ಅತ್ತಿ ಚಾ

ತಡೀರಿ, ಹೋಗಬ್ಯಾಡ್ರಿ, ಇದೊಂದು ಕೇಳಿ ಹೋಗ್ರಿ. ಸುರಪುರದಾಗ ಕುಂತು ಚಾ ಬೇಕಂದ್ರ ವೆಲ್ಶ್ ಭಾಷೆದಾಗ ಕೇಳೋ ಮನಷ್ಯಾನ್ನ ಎಲ್ಲ್ಯರ ನೋಡೀರೇನು? ನಮ್ಮ ಮನ್ಯಾಗ ಅದಾನ. ನಮ್ಮವ್ವನ ತಮ್ಮ, ನನ್ನ ಸೋದರಮಾವ. ಶಹಾಪುರದ ಒಂದು ಇಂಗ್ಲಿಷ್ ಮೀಡಿಯಂ ಸಾಲ್ಯಾಗ ಮಾಸ್ತರ. ವೆಲ್ಶ್ ಅಂದ್ರೇನಂತ ಗೊತ್ತಿಲ್ಲದವರು ನಾಚಬ್ಯಾಡ್ರಿ, ಅವನ ಪಿಎಚ್‌ಡಿ ಗೈಡಿಗೂ ಗೊತ್ತಿರಲಿಲ್ಲ.

ವೇಲ್ಸ್ ಅಂದ್ರ ಇಂಗ್ಲೆಂಡಿಗೆ ಹಚ್ಚಿ ಇರೋ ನಾಡು. ಅವರ ಭಾಷೆ ಬ್ಯಾರೆ, ಕಾವ್ಯಾ ಬ್ಯಾರೆ. ಮಾಮಾ ಅದನ್ನ ಮೊಬೈಲ್ ನೋಡ್ಕೋತ ಕಲ್ತ. ಅವನ ಬೆನ್ನ ಹತ್ತಿ ನಾನೂ ಕಲ್ಯಾಕತ್ತೀನಿ, ಯಾರೂ ಕಲಸ್ಲಿಲ್ಲ. ಯುನಿವರ್ಸಿಟ್ಯಾಗ ಹೆಸರು ಹಚ್ಚಿದ ಮೊದಲನೇ ದಿನಾನ ಗೈಡ್ ಕೇಳಿದ್ರು, "ವೇಲ್ಸ್ ಇಂಗ್ಲೆಂಡಿನಾಗ ಬರ್ತದಲ್ರಿ? ಇಂಗ್ಲಿಷ್ ಸಾಹಿತ್ಯ ಅಂತ ಬರದ್ರ ಆಗಂಗಿಲ್ಲೇನು?"

"ಸರ್, ಜಿಲ್ಲಾ ಬ್ಯಾರೆ ಆದಮ್ಯಾಲೂ ಯಾದಗಿರ್ಯಾಗ ನಿಂತು ಇದು ಕಲಬುರ್ಗಿ ಅದ ಅಂದ್ರ ಮಂದಿ ಸುಮ್ಕ ಬಿಡ್ತಾರೇನ್ರಿ?" ಅಂದ ಮಾಮಾ.

ಗೈಡ್ ಕಲಬುರ್ಗಿಯವರು. ಸಂಬಂಧ ಅಲ್ಲಿಂದನ ಕೆಡ್ತು.

ಮನ್ಯಾಗಿನ ಸಂಬಂಧನೂ ಏನು ಚಂದ ಇರಲಿಲ್ಲ ಬಿಡ್ರಿ. ದಿನಾ ಸಂಜೀಕ ಸಾಲಿಯಿಂದ ಬಂದು, ಬೂಟ್ ಬಿಚ್ಚಿ, ಅಡಗಿಮನಿ ಬಾಗಲಕ್ಕ ನಿಂತು "ಪಾನೆಡ್, ಪ್ಲೀಸ್" ಅಂತಿದ್ದ. ಒಂದು ಕಪ್ ಚಾ ಕೊಡು ಅಂತ ಅರ್ಥ.

"ಆ ಪ್ಲೀಸ್ ಅನ್ನೋದೊಂದು ತಿಳೀತು," ಅಂತಿದ್ಲು ಅತ್ತಿ, ಅವನ ಹೆಂಡ್ತಿ. "ಉಳದದ್ದು ಕನ್ನಡದಾಗ ಹೇಳ್ರಿ, ಗ್ಯಾಸ್ ಹಚ್ತೀನಿ."

"ಏ, ಭಾಷೆ ಬಳಸಿದ್ರ ಉಳೀತದ."

"ಬಳಸ್ರಿ, ಯಾರು ಬ್ಯಾಡಂದ್ರು. ಚಾ ಮಾತ್ರ ಸಿಗಂಗಿಲ್ಲ."

ಜರಾ ಹೊತ್ತು ಹಟ ಹಿಡದು, ಆಮ್ಯಾಲ ಕನ್ನಡದಾಗ ಕೇಳಿ ಕುಡೀತಿದ್ದ. ವೇಲ್ಸ್ ದಿನಾ ನಮ್ಮ ಅಡಗಿಮನಿ ಬಾಗಲದಾಗ ಸೋಲ್ತಿತ್ತು.

ಇನ್ನ ಖುರ್ಚಿ ಕಥಿ ಕೇಳ್ರಿ. ವೇಲ್ಸಿನಾಗ ಕವಿಗಳ ಪೈಪೋಟಿ ನಡೀತದ, ಗೆದ್ದವರಿಗೆ ಒಂದು ಖುರ್ಚಿ ಕೊಡ್ತಾರ. ಯಾರ ಪದಾನೂ ಅಷ್ಟು ಚಲೋ ಇಲ್ಲಂದ್ರ ಖುರ್ಚಿ ಖಾಲಿ ಬಿಡ್ತಾರ, ಯಾರಿಗೂ ಕೊಡಂಗಿಲ್ಲ. ನಮ್ಮ ಕಡೆ ಮೊಹರಂ ಪದ ಹಾಡೋ ಮ್ಯಾಳದವರೂ ಹಂಗ ಸವಾಲ್ ಹಾಕಿ ಹಾಡ್ತಾರಲ್ಲ, ಎರಡೂ ಕೂಡಿಸಿ ನೋಡೋದ ಮಾಮಾನ ಸಂಶೋಧನೆ. ಅದಕ್ಕಂತ ಮನ್ಯಾಗಿನ ಕಟಗಿ ಖುರ್ಚಿ ಹೊತ್ಕೊಂಡು ದೋರನಹಳ್ಳಿ ಕಡೆ ಒಂದು ಹಳ್ಳಿಗೆ ಹೋದ. ಕಂಡಕ್ಟರ್ ಖುರ್ಚಿಗೂ ಟಿಕೆಟ್ ಹರದ. ಅಲ್ಲಿ ಎರಡು ಮ್ಯಾಳದವರನ್ನ ಕುಂದ್ರಿಸಿ ಹಾಡ್ಸಿದ. ಒಬ್ಬರ ಮಾರಿ ಒಬ್ಬರು ನೋಡದ ಮಂದಿ ಅವರು. ಗಂಟಲ ಹರಿಯಂಗ ಹಾಡಿದ್ರು. ಕಡೀಕ ಮಾಮಾ ಎದ್ದು ನಿಂತು, "ಈ ವರ್ಷ ಖುರ್ಚಿ ಖಾಲಿ" ಅಂದ.

ಅವತ್ತ ಆ ಎರಡೂ ಮ್ಯಾಳ ಒಂದಾದ್ವು. ಕೂಡೇ ಬಂದು ಮಾಮಾನ್ನ, ಖುರ್ಚಿನ್ನ ಬಸ್ಸಿಗೆ ಏರಿಸಿ ಹೋದ್ರು.

ಆ ಖುರ್ಚಿ ಪಡಸಾಲ್ಯಾಗ ಬಂದು ಕುಂತಿತು. ಗೆದ್ದವರಿಲ್ಲಂತ ಮಾಮಾ ಅದರ ಮ್ಯಾಲ ಯಾರಿಗೂ ಕುಂದ್ರಾಕ ಕೊಡ್ಲಿಲ್ಲ. ಬೀಗರು ಬಂದ್ರೂ ಚಾಪಿನ.

ಇಷ್ಟೆಲ್ಲ ಯಾಕ ಅಂತೀರಿ? ಅವನ ಸಾಲ್ಯಾಗ ಕನ್ನಡ ಮಾತಾಡಿದ್ಲಂತ ಒಂದು ಸಣ್ಣ ಹುಡುಗಿ ಕೊರಳಿಗೆ ಬೋರ್ಡ್ ಹಾಕಿ ನಿಲ್ಲಿಸಿದ್ರು. ಅವತ್ತ ಮಾಮಾ ಊಟ ಮಾಡ್ಲಿಲ್ಲ. ಇಂಥಾದ್ದು ಮತ್ತೆಲ್ಲ್ಯರ ನಡದದೇನಂತ ಮೊಬೈಲ್ದಾಗ ಹುಡುಕಿದಾಗ ಸಿಕ್ಕಿದ್ದು ವೇಲ್ಸ್. ಅಲ್ಲಿ ಒಂದು ಕಾಲಕ್ಕ ವೆಲ್ಶ್ ಮಾತಾಡಿದ ಹುಡುಗರ ಕೊರಳಿಗೆ ಕಟಗಿ ತುಂಡು ಕಟ್ಟತಿದ್ರಂತ. ಆದ್ರೂ ಆ ಭಾಷೆ ಸಾಯಲಿಲ್ಲ. "ಹೆಂಗ ಉಳೀತು ಅಂತ ಗೊತ್ತಾದ್ರ ನಮಗೂ ಉಪಯೋಗ ಬರ್ತದಲೇ" ಅಂದಿದ್ದ ನನ್ನ ಮುಂದ.

ಹೋದ ವರ್ಷ ಮಾಮಾನ್ನ ಯುನಿವರ್ಸಿಟಿ ಕಮಿಟಿ ಮುಂದ ಕುಂದ್ರಿಸಿದ್ರು. ನಾ ಹೊರಗ ಬಾಗಲ ಸಂದ್ಯಾಗ ಕಣ್ಣು, ಕಿವಿ ಎರಡೂ ಇಟ್ಟು ನಿಂತಿದ್ದೆ.

"ಇದರಿಂದ ನಮ್ಮ ಭಾಗಕ್ಕ ಏನ್ರಿ ಉಪಯೋಗ?" ಅಂದ್ರು ಒಬ್ಬರು. ನೋಡ್ರಿ, ಒಂದೇ ಥೀಸಿಸಿಗೆ ರಟ್ಟು ಬದಲಿ ಮಾಡಿ ತಂದವರಿಗೆಲ್ಲ ಶಾಲು ಹೊಚ್ಚಿ ಕಳಿಸಿದ ಮಂದಿ ಇವರು. ಅವರಿಗೆ ಯಾರೂ ಉಪಯೋಗ ಕೇಳಿರಲಿಲ್ಲ.

ಮಾಮಾ ಆ ಹುಡುಗಿ ಕಥಿ ಹೇಳಿದ.

"ಯಾವ ಸಾಲಿ, ಅದಾ? ನನ್ನ ಮೊಮ್ಮಗ ಅಲ್ಲೇ ಅದಾನ್ರಿ. ಭಾಳ ಚಲೋ ಸಾಲಿ," ಅಂದ್ರು ಆ ಉಪಯೋಗ ಕೇಳಿದವರು.

ಆಮ್ಯಾಲ ಇನ್ನೊಬ್ಬರು ಫೈಸಲಾ ಹೇಳಿದ್ರು. ಇದನ್ನ ಓದಿ ನೋಡೋರು ನಮ್ಮಲ್ಲಿ ಯಾರೂ ಇಲ್ಲ, ವಿಷಯ ಬದಲಿ ಮಾಡ್ರಿ, ಇಲ್ಲಂದ್ರ ರಿಜಿಸ್ಟ್ರೇಷನ್ ರದ್ದು.

"ಇದನ್ನ ಹೆಸರು ಹಚ್ಚೋ ದಿನಾನ ಹೇಳಬಹುದಿತ್ತಲ್ರಿ?"

"ಆವಾಗ ನೀವು ನಡುವ ಬಿಟ್ಟು ಹೋಗ್ತೀರಿ ಅಂತ ತಿಳ್ಕೊಂಡಿದ್ವಿ."

ಗೈಡ್ ಬಿಸ್ಕೀಟ್ ಅದ್ದಿ ಚಾ ಕುಡ್ಯಾಕತ್ತಿದ್ರು.

ಮಾಮಾ ವಿಷಯ ಬದಲಿ ಮಾಡ್ಲಿಲ್ಲ. ರದ್ದಾತು. ಮನಿಗೆ ಬಂದು ಮೊಬೈಲ್ದಾಗಿನ ವೆಲ್ಶ್ ಎಲ್ಲ ಅಳಿಸಿ ಹಾಕಿದ. ಮರುದಿನ ಸಂಜೀಕ ಬೂಟ್ ಬಿಚ್ಚಿ, "ಒಂದು ಕಪ್ ಚಾ ಕೊಡು" ಅಂದ, ಸೀದಾ ಕನ್ನಡದಾಗ. ಅತ್ತಿ ಸುಮ್ಕ ಕೊಟ್ಲು. ಅದರ ಮರುದಿನಾನೂ ಹಂಗ. ಇಷ್ಟು ವರ್ಷ ಇದನ್ನ ಬೇಡಿದ್ಲು, ಸಿಕ್ಕಿತು. ಖುಷಿ ಆಗಬೇಕಿತ್ತಿಲ್ಲೋ? ಅಕಿ ಮಾರಿ ನೋಡಾಕಾಗ್ತಿರಲಿಲ್ಲ.

ಮತ್ತೊಂದು ದಿನ ಅವ ಹಂಗ ಕೇಳಿದಾಗ ಅತ್ತಿ ಗ್ಯಾಸ್ ಬಂದ್ ಮಾಡಿದ್ಲು.

"ಈ ಮನ್ಯಾಗ ಕನ್ನಡದಾಗ ಕೇಳಿದ್ರ ಚಾ ಇಲ್ಲ."

ಮಾಮಾ ಪಿಳಿಪಿಳಿ ನೋಡಿದ.

"ಅದೇನೋ ಅಂತಿದ್ರಲ್ಲ, ಪಾನೆಡ್. ಅದನ್ನ ಅನ್ರಿ."

"ನಿನಗ ಯಾವಾಗ ಬಂತು?"

"ದಿನಾ ಕಿವ್ಯಾಗ ಹಾಕೀರಿ, ಬರದ ಎಲ್ಲಿ ಹೋಗ್ತದ."

ಮಾಮಾ ಬಾಗಲ ಚೌಕಟ್ಟು ಹಿಡ್ಕೊಂಡು ಆ ಮಾತು ಅಂದ. ಪ್ಲೀಸ್ ಅನ್ನೋದು ಮಾತ್ರ ಹೊರಗ ಬರಲಿಲ್ಲ.

ಅತ್ತಿ ಎರಡು ಕಪ್ ಚಾ ತಂದು ಒಂದು ಅವನ ಕೈಯಾಗಿಟ್ಲು. ಆಮ್ಯಾಲ ಪಡಸಾಲ್ಯಾಗಿನ ಆ ಖುರ್ಚಿ ಎಳಕೊಂಡು ತಾನೇ ಕುಂತ್ಲು.

ಮಾಮಾ ಬ್ಯಾಡ ಅನ್ನಲಿಲ್ಲ.

ನಿಮ್ಮ ಮನ್ಯಾಗೂ ಯಾರರ ಹಿಂಗ ಒಂದರ ಬೆನ್ನ ಹತ್ತಿ, ಎಲ್ಲರ ಕಡಿಂದ ನಗಿಸ್ಕೊಂಡು ಕುಂತವರು ಇದ್ರ ಬರೀರಿ. ಕಡೀಕ ಅವರಿಗೆ ಚಾ ಮಾಡಿ ಕೊಟ್ಟವರು ಯಾರು ಅನ್ನೋದು ಮಾತ್ರ ಬಿಡಬ್ಯಾಡ್ರಿ, ಅದನ್ನ ಮೊದಲ ಬರೀರಿ.