ನೊಣಕ್ಕೇಕೆ ಸರ್ಕಾರದ ದುಡ್ಡು

ಭಾಷಣದಲ್ಲಿ ನನ್ನನ್ನು ಮೀರಿಸುವವರು ಜಯನಗರದ ನಮ್ಮ ಬಡಾವಣೆಯಲ್ಲಿ ಇಲ್ಲ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ನನ್ನ ಹೆಂಡತಿ ಸುಮಿತ್ರಾ ಒಂದು ಸಂಶೋಧನಾಲಯದಲ್ಲಿ ಮೂವತ್ತು ವರ್ಷ ಪ್ರಯೋಗಕ್ಕೆ ಬೇಕಾದ ಹಣ್ಣಿನ ನೊಣಗಳನ್ನು ಸಾಕಿ ಮೊನ್ನೆ ನಿವೃತ್ತಳಾದಳು. ಅವಕ್ಕೆ ಊಟ ಹಾಕುವುದು, ಬಾಟಲಿ ಬದಲಿಸುವುದು ಅವಳ ಕೆಲಸ. ಹಿರಿಯ ನಾಗರಿಕರ ಸಂಘದಲ್ಲಿ ಅವಳಿಗೊಂದು ಶಾಲು ಹೊದಿಸಬೇಕೆಂದು ಅಧ್ಯಕ್ಷರ ಬೆನ್ನು ಹತ್ತಿ ಒಪ್ಪಿಸಿದವನು ನಾನೇ. ಅದಕ್ಕೂ ಮೊದಲು ಒಂದು ಚರ್ಚೆ: ‘ಸರ್ಕಾರ ವಿಜ್ಞಾನ ಸಂಶೋಧನೆಗೆ ಹೆಚ್ಚು ಹಣ ಕೊಡಬೇಕೆ?’ ವಿರೋಧಿಸಲು ಯಾರೂ ಸಿಗಲಿಲ್ಲ. ಸಮಾಜದ ಹಿತದೃಷ್ಟಿಯಿಂದ ನಾನು ಒಪ್ಪಿಕೊಂಡೆ.

“ರೀ, ಬರ್ದಿರೋದಷ್ಟೇ ಓದಿ. ಚಪ್ಪಾಳೆ ಬಿತ್ತು ಅಂತ ಎಲ್ಲೆಲ್ಲೋ ಹೋಗ್ಬೇಡಿ,” ಎಂದಳು ಸುಮಿತ್ರಾ, ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಾ.

ವೇದಿಕೆ ಹತ್ತಿ ಬರೆದಿದ್ದನ್ನೇ ಓದತೊಡಗಿದೆ. ಮೊದಲು ಚರಂಡಿ, ಕುಡಿಯುವ ನೀರು, ಆಸ್ಪತ್ರೆಯ ಹಾಸಿಗೆ, ಆಮೇಲೆ ಸಂಶೋಧನೆ. ಮಾತಿನಲ್ಲಿ ತೂಕವಿತ್ತು, ಸಭೆಯಲ್ಲಿ ಆಕಳಿಕೆಯಿತ್ತು. ಹಾಳೆ ಮಡಚಿಟ್ಟೆ.

“ಸ್ವಾಮಿ, ಕೂತ್ಕೊಂಡು ನೊಣ ಹೊಡಿಯೋಕೂ ಸರ್ಕಾರ ಸಂಬಳ ಕೊಡ್ಬೇಕಾ?”

ಸಭೆ ಬಿದ್ದು ಬಿದ್ದು ನಕ್ಕಿತು! ಆ ನಗುವಿಗೆ ತಲೆ ತಿರುಗಿ ಅದನ್ನೇ ಇನ್ನೆರಡು ಸಲ ಹೇಳಿದೆ. ಮೂರನೆಯ ಸಲಕ್ಕೆ, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ಸುಮಿತ್ರಾ ಕಣ್ಣಿಗೆ ಬಿದ್ದಳು.

ಮಡಚಿಟ್ಟ ಹಾಳೆಯನ್ನು ಮತ್ತೆ ಬಿಡಿಸತೊಡಗಿದೆ. ಅಷ್ಟರಲ್ಲಿ ಅಧ್ಯಕ್ಷರು, “ಈಗ ಮೂವತ್ತು ವರ್ಷ ನೊಣಗಳ ಮಧ್ಯೆ ದುಡಿದ ಶ್ರೀಮತಿ...” ಎನ್ನುತ್ತಿದ್ದಂತೆ ಮತ್ತೆ ನಗು. ಶಾಲು ಹೊದಿಸಬೇಕಾದವನೂ ನಾನೇ. ಗಡಿಬಿಡಿಯಲ್ಲಿ ಅದನ್ನು ಒಳಮೈ ಹೊರಗಾಗಿ ಹೊದಿಸಿದೆ.

ಸುಮಿತ್ರಾ ಮೈಕ್ ಹಿಡಿದು ನನ್ನ ಕಡೆ ತಿರುಗಿ, “ಸಾರ್,” ಎಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಸಾರ್ ಎಂದದ್ದು ಅದೇ ಮೊದಲು. “ನಾನು ನೊಣ ಹೊಡ್ದಿಲ್ಲ, ಸಾಕಿದೀನಿ. ಚರಂಡಿನೂ ಆಗ್ಬೇಕು, ನಿಜ. ಆದ್ರೆ ಆ ನೊಣದಿಂದ ಏನುಪಯೋಗ ಅಂತ ನಮ್ಮ ವಿಜ್ಞಾನಿಗಳಿಗೂ ಮೊದಲೇ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಯಾಕೆ ಹುಡುಕ್ತಿದ್ರು?”

ಯಾರೂ ನಗಲಿಲ್ಲ. ಹಬ್ಬದ ದಿನವೂ ಅವಳು ಮೊದಲು ನೊಣಗಳಿಗೆ ಊಟ ಹಾಕಿ ಬಂದು ಆಮೇಲೆ ನಮಗೆ ಬಡಿಸುತ್ತಿದ್ದುದು ನೆನಪಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಡೆದು ಮನೆಗೆ ಬರುವಾಗ, “ಕೋಪಾನಾ?” ಎಂದೆ.

“ಇಲ್ಲ ರೀ. ಒಂದು ಡೌಟು. ನೀವು ಸರ್ಕಾರಿ ಆಫೀಸಲ್ಲಿ ಮೂವತ್ತೈದು ವರ್ಷ ಏನ್ಮಾಡ್ತಿದ್ರಿ?”

ಯೋಚಿಸಿದೆ. ಮಧ್ಯಾಹ್ನದ ಊಟವಾದ ಮೇಲೆ ಹಳೆಯ ಸುತ್ತೋಲೆಯೊಂದನ್ನು ಸುರುಳಿ ಸುತ್ತಿಕೊಂಡು ನಾನು ಹೊಡೆದ ನೊಣಗಳೆಲ್ಲ ನೆನಪಾದವು. ಆ ಕೆಲಸಕ್ಕೆ ಸರ್ಕಾರ ಈಗ ಪಿಂಚಣಿಯನ್ನೂ ಕೊಡುತ್ತಿದೆ.