ಎರಡೂ ಪೊರೆ ಹರಿದ ಪಾಲಿಮರ್ ಅವರಿಗೆ ಪರದೆಯವನ ದೂರು

ಜಕ್ಕೂರಿನ ಒಂದು ಪ್ರಯೋಗಾಲಯದ ಕಂದು ಸೀಸೆಯಲ್ಲಿ ವಾಸವಾಗಿರುವ, ಬ್ಯಾಕ್ಟೀರಿಯಾಗಳ ಸಿಂಹಸ್ವಪ್ನವೆಂದು ಹೆಸರಾದ, ಸರಪಳಿಯಂತೆ ಉದ್ದನೆಯ ಮೈಯುಳ್ಳ ಶ್ರೀಯುತ ಪಾಲಿಮರ್ ಅವರಿಗೆ ಆರ್.ಟಿ. ನಗರದಲ್ಲಿ ಪರದೆ ಹೊಲಿಯುವ ಮುಜಫ್ಫರನ ಸಾವಿರ ಸಲಾಮುಗಳು.

ಮಾನ್ಯರೇ,

ನಾನು ಇಪ್ಪತ್ತು ವರ್ಷಗಳಿಂದ ಬಿಲ್ಡರುಗಳ ಮಾಡೆಲ್ ಫ್ಲಾಟುಗಳಿಗೆ ಪರದೆ ಹಾಕಿಕೊಂಡು ಬಂದವನು. ಯಾರೂ ಮಲಗದ ಮಂಚ, ತಿರುಗಿಸಿದರೆ ಗಾಳಿ ಬರುವ ನಲ್ಲಿ; ಆದರೂ ಜನ ಅದನ್ನು ನೋಡಿಯೇ ಅಸಲಿ ಮನೆಗೆ ಮನಸ್ಸು ಮಾಡುತ್ತಾರೆ. ನನ್ನ ಮಗಳು ಅಮ್ರೀನಳ ಪಿಎಚ್‌ಡಿಯೂ ಇಂಥದ್ದೇ ಎಂದು ತಿಳಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಜೀವಕೋಶದ ಹೊರಪೊರೆಯನ್ನು ಮಾತ್ರ ಕೊಬ್ಬಿನ ಅಣುಗಳಿಂದ ಕಟ್ಟಿ, ಒಳಗೆ ಬಣ್ಣದ ನೀರು ತುಂಬಿ, ಕಣ್ಣಿಗೆ ಕಾಣದ ಗುಳ್ಳೆ ಮಾಡುತ್ತಾಳಂತೆ. ಒಂದು ಬ್ಯಾಕ್ಟೀರಿಯಾದ ಪೊರೆಯ ಮಾದರಿ, ಇನ್ನೊಂದು ಮನುಷ್ಯರದ್ದು. ತಾವು ಮೊದಲನೆಯದನ್ನು ಹರಿಯಬೇಕು, ಬಣ್ಣ ಸೋರಿ ಹೊಳೆಯಬೇಕು. ಎರಡನೆಯದರ ಮುಂದೆ ಮಾತ್ರ ಚಪ್ಪಲಿ ಬಿಟ್ಟು, ನಮಸ್ಕರಿಸಿ, ಹಿಂತಿರುಗಬೇಕು. ಔಷಧಿಗೂ ಜಗ್ಗದ ಬ್ಯಾಕ್ಟೀರಿಯಾಗಳ ಮೇಲೆ ಬಿಡಲೆಂದೇ ಆಕೆ ತಮ್ಮನ್ನು ಮೂರು ವರ್ಷ ಕೈಯಾರೆ ಬೆಳೆಸಿದ್ದು.

ತಾವು ಎರಡನ್ನೂ ಹರಿದಿರಿ.

ನಮ್ಮವರು, ಪರರು ಎಂಬ ಭೇದವೇ ಇಲ್ಲದ ಇಂಥ ಸಮದೃಷ್ಟಿಯನ್ನು ನಾನು ಸಂತರಲ್ಲೂ ಕಂಡಿಲ್ಲ. ಹೆಬ್ಬಾಳದ ಫ್ಲೈಓವರಿನಲ್ಲಿ ನುಗ್ಗುವ ಟೆಂಪೋಗಳೂ ಒಮ್ಮೊಮ್ಮೆ ಆಂಬುಲೆನ್ಸಿಗೆ ದಾರಿ ಬಿಡುತ್ತವೆ. ತಾವು ಆ ದೌರ್ಬಲ್ಯವನ್ನೂ ಗೆದ್ದವರು. ತಿಂಗಳ ಕೊನೆಗೆ ಮಗಳ ಪಿಎಚ್‌ಡಿ ಪರಿಶೀಲಿಸುವ ಸಮಿತಿ ಕೂರುತ್ತದೆ. ತಾವು ಮನುಷ್ಯರನ್ನೂ ಬಿಡುವವರಲ್ಲವೆಂದಾದರೆ ತಮ್ಮನ್ನು ಕೈಬಿಟ್ಟು ಅಮ್ರೀನ್ ಮೊದಲಿನಿಂದ ಶುರುಮಾಡಬೇಕು. ಹುಡುಗಿ ತಟ್ಟೆಯ ಮುಂದೆ ಕೂತು ಚಪಾತಿ ಹರಿಯುತ್ತಾಳೆ, ತಿನ್ನುವುದಿಲ್ಲ. ಆದ್ದರಿಂದ ತಾವು ಇನ್ನು ಮುಂದೆ ಪ್ರತಿ ಪೊರೆಯ ಬಾಗಿಲಲ್ಲೂ ಬೆಲ್ ಒತ್ತಿ, ಒಳಗಿರುವವರು ಯಾವ ಪೈಕಿಯೆಂದು ವಿಚಾರಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿಯೇ ಹರಿಯತಕ್ಕದ್ದೆಂದು ಕೋರುತ್ತೇನೆ.

ಇಷ್ಟು ಬರೆದಿಟ್ಟಿದ್ದೆ. ಅಷ್ಟರಲ್ಲಿ ಮಂಗಳವಾರ ಆಕೆಯ ಪಿಎಚ್‌ಡಿ ಗೈಡ್ ಮೇಡಂ ನೋಟ್‌ಬುಕ್ ತಿರುವಿಹಾಕಿ, "ಅಲ್ಲಮ್ಮಾ, ಮನುಷ್ಯರ ಪೊರೆ ಅಂತೀಯ, ಕೊಲೆಸ್ಟ್ರಾಲೇ ಹಾಕಿಲ್ವಲ್ಲ?" ಎಂದರಂತೆ.

ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ನಮ್ಮ ಪೊರೆಯಲ್ಲಿದ್ದು, ಒತ್ತಾಗಿ ಹಿಡಿದುಕೊಂಡು, ತಮ್ಮಂಥವರನ್ನು ಹೊರಗೇ ನಿಲ್ಲಿಸುವುದರಲ್ಲಿ ಅದರದ್ದೇ ದೊಡ್ಡ ಪಾಲಂತೆ. ಮರೆವು ಎಲ್ಲಿಂದ ಬಂತೆಂದು ನಾನು ಬಲ್ಲೆ. ಡಾಕ್ಟರು ನನ್ನ ರಕ್ತದ ವರದಿ ಓದಿ ಕೊಲೆಸ್ಟ್ರಾಲ್ ಜಾಸ್ತಿ ಎಂದ ದಿನವೇ ನನ್ನ ಬೇಗಂ ತಾಹೆರಾ, ಮನೆಯೊಳಗೆ ಬರಕೂಡದ ಪದಾರ್ಥಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ಮೊದಲನೆಯದೇ ನನ್ನ ಪ್ರಾಣವಾದ ಕುರಿಕಾಲಿನ ಪಾಯಾ. ನಾಲ್ಕು ವರ್ಷ ಅದನ್ನು ಓದುತ್ತಲೇ ನೀರು ಕುಡಿದ ಹುಡುಗಿಯ ಕೈ, ಪ್ರಯೋಗಾಲಯದಲ್ಲೂ ಕೊಲೆಸ್ಟ್ರಾಲಿನ ಸೀಸೆಯನ್ನು ತಾನಾಗಿಯೇ ದಾಟಿ ಹೋಗಿರಬೇಕು.

ಗುರುವಾರ ಅದನ್ನು ಬೆರೆಸಿ ಹೊಸ ಗುಳ್ಳೆ ಕಟ್ಟಿದಳು. ತಾವು ಬ್ಯಾಕ್ಟೀರಿಯಾದ್ದನ್ನು ಚಿಂದಿ ಮಾಡಿ, ಮನುಷ್ಯರದ್ದನ್ನು ಬಹುಮಟ್ಟಿಗೆ ಮುಟ್ಟದೆ ಬಿಟ್ಟಿರಿ. ಅಂದು ಅಮ್ರೀನ್ ನಾಲ್ಕು ಚಪಾತಿ ತಿಂದಳು.

ಆದಕಾರಣ ಮೇಲ್ಕಂಡ ದೂರನ್ನು ಕ್ಷಮಾಪಣೆಯೊಂದಿಗೆ ಹಿಂಪಡೆದಿದ್ದೇನೆ. ಬದಲಿಗೆ, ಕೊಲೆಸ್ಟ್ರಾಲ್ ಮನುಷ್ಯನನ್ನು ಕಾಪಾಡುತ್ತದೆಂದು ತಮ್ಮ ಸಹಿಯುಳ್ಳ ಒಂದು ಪ್ರಮಾಣಪತ್ರವನ್ನು, ಶುಕ್ರವಾರದ ಊಟಕ್ಕೆ ಮುಂಚೆ ತಲುಪುವಂತೆ, ದಯಪಾಲಿಸಬೇಕು.

ಪೊರೆ ಹರಿಸಿಕೊಂಡರೂ ನಂಬಿಕೆ ಬಿಡದ,
ತಮ್ಮ ವಿಶ್ವಾಸಿ,
ಮುಜಫ್ಫರ್

ತಾ.ಕ.: ಅಂಚೆಗೆ ಹಾಕುವ ಮುನ್ನ ತಾಹೆರಾ ಇದನ್ನು ಓದಿದಳು. ಪೊರೆಗೆ ಬೇಕಾದಷ್ಟನ್ನು ದೇಹ ತಾನೇ ಮಾಡಿಕೊಳ್ಳುತ್ತದೆ, ಪಾಯಾ ಅಂಗಡಿಯಿಂದ ತರಿಸುವುದಿಲ್ಲ ಎಂದು ಮಗಳ ಬಾಯಲ್ಲೇ ಹೇಳಿಸಿದ್ದಾಳೆ. ಇಷ್ಟೆಲ್ಲ ಹರಿಯಬಲ್ಲ ತಾವು ಬಿಡುವಾದಾಗ ಬಂದು ಫ್ರಿಜ್ಜಿನ ಮೇಲಿನ ಆ ಪಟ್ಟಿಯನ್ನೂ ಒಮ್ಮೆ ಪ್ರಯತ್ನಿಸಿ ನೋಡಿ. ಆದರೆ ಹುಷಾರು, ಅದು ಮಾದರಿಯಲ್ಲ, ಅಸಲಿ.